ಡೊಂಬಿವಲಿ ಸ್ಟೇಷನ್ ಹೆಸರಿನ ಸಂಖ್ಯೆಗಳು ಗೊತ್ತೆ? 1ರಿಂದ 10ರವರೆಗೆ ಹೋಗಿ ವಾಪಸ್ ಬರುವ 20 ಅಂಕಿಯ ಅವಿಭಾಜ್ಯದ ವಿಶೇಷವೇನು? ಇಲ್ಲಿದೆ ಸಂಪೂರ್ಣ ಮಾಹಿತಿ

ಖಾರಘರ (ನವಿ ಮುಂಬಯಿ): ಖಾರಘರದಿಂದ ಥಾಣೆ ಲೋಕಲ್ ಹಿಡಿದು, ಥಾಣೆಯಲ್ಲಿ ಕಲ್ಯಾಣ್ ಕಡೆಯ ಗಾಡಿಗೆ ಬದಲಾದರೆ ಡೊಂಬಿವಲಿ ಸಿಗುತ್ತದೆ. ಮುಂಬಯಿ ಕನ್ನಡಿಗರಿಗೆ ನೆಂಟರ ಮನೆಯಷ್ಟೇ ಪರಿಚಿತವಾದ ಊರು. ಬೆಳಗಿನ ನೂಕುನುಗ್ಗಲಿಗೆ ಹೆಸರಾದ ಈ ಸ್ಟೇಷನ್ ಗಣಿತದ ಪುಸ್ತಕಗಳಲ್ಲೂ ಇದೆ ಎಂದರೆ ನಂಬುವುದು ಕಷ್ಟ. ಆದರೆ ಇದು ನಿಜ. 'ಡೆಮ್ಲೊ ಸಂಖ್ಯೆಗಳು' ಎಂಬ ಹೆಸರು ಬಂದಿರುವುದು ಇದೇ ಡೊಂಬಿವಲಿಯಿಂದ.

ಡೆಮ್ಲೊ ಸಂಖ್ಯೆಗಳನ್ನು ಹೋಲುವ, ಆದರೆ ಅವುಗಳ ಗುಂಪಿಗೆ ಸೇರದ ಇನ್ನೊಂದು ಸಂಖ್ಯೆ ಇದೆ. 1ರಿಂದ 10ರವರೆಗೆ ಬರೆದು, ಮತ್ತೆ 9ರಿಂದ 1ಕ್ಕೆ ಇಳಿದರೆ ಸಿಗುವ 12345678910987654321. ಇದು ಅವಿಭಾಜ್ಯ ಸಂಖ್ಯೆ. ಅಂದರೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಹಾಗಾದರೆ ಡೆಮ್ಲೊ ಎಂದರೇನು, ಈ 20 ಅಂಕಿಯ ಸಂಖ್ಯೆ ಹೇಗೆ ಬೇರೆ, ಇದು ಅವಿಭಾಜ್ಯ ಎಂದು ಹೇಗೆ ಗೊತ್ತಾಗುತ್ತದೆ? ಒಂದೊಂದಾಗಿ ನೋಡೋಣ.

ಯಾರು ಈ ಕಾಪ್ರೇಕರ್?

ಡೆಮ್ಲೊ ಸಂಖ್ಯೆಗಳಿಗೆ ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಹುಟ್ಟಿದ್ದು 1905ರ ಜನವರಿ 17ರಂದು, ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ. ಪ್ರೌಢಶಾಲೆ ಓದಿದ್ದು ಥಾಣೆಯಲ್ಲಿ, ಕಾಲೇಜು ಪುಣೆಯ ಫರ್ಗ್ಯುಸನ್‌ನಲ್ಲಿ. 1927ರಲ್ಲಿ ರ್‍ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಗೆದ್ದರು, 1929ರಲ್ಲಿ ಬಿ.ಎಸ್‌ಸಿ. ಮುಗಿಸಿದರು. ಮುಂದೆ ಸ್ನಾತಕೋತ್ತರ ಪದವಿಯನ್ನಾಗಲಿ ಸಂಶೋಧನಾ ತರಬೇತಿಯನ್ನಾಗಲಿ ಪಡೆಯಲಿಲ್ಲ. 1930ರಿಂದ 1962ರವರೆಗೆ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದರು.

ಆಗಿನ ಜಿಐಪಿ ರೈಲ್ವೆ, ಅಂದರೆ ಇಂದಿನ ಮಧ್ಯ ರೈಲ್ವೆಯ ಮಾರ್ಗದಲ್ಲಿ, ಬೊಂಬಾಯಿಯಿಂದ 30 ಮೈಲಿ ದೂರದಲ್ಲಿದ್ದ ಸ್ಟೇಷನ್ 'ಡೆಮ್ಲೊ'. ಈಗ ಅದೇ ಡೊಂಬಿವಲಿ. ಈ ಸಂಖ್ಯೆಗಳನ್ನು ಅಧ್ಯಯನ ಮಾಡುವ ಯೋಚನೆ ಹೊಳೆದದ್ದು ಅಲ್ಲಿ, ಹಾಗಾಗಿ ಕಾಪ್ರೇಕರ್ ಸ್ಟೇಷನ್‌ನ ಹೆಸರನ್ನೇ ಸಂಖ್ಯೆಗಳಿಗೂ ಇಟ್ಟರು. 1939ರಲ್ಲಿ ಕೆ.ಆರ್. ಗುಂಜೀಕರ್ ಜೊತೆ ಸೇರಿ ಬರೆದ ಡೆಮ್ಲೊ ಸಂಖ್ಯೆಗಳ ಲೇಖನ ಬೊಂಬಾಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಾಪ್ರೇಕರ್ ಹೆಸರು ಇಂದು ಹೆಚ್ಚು ಜನರಿಗೆ ಗೊತ್ತಿರುವುದು 6174 ಎಂಬ ಸಂಖ್ಯೆಯಿಂದ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದಲ್ಲಿ ಬರೆದದ್ದನ್ನು ಅದರಿಂದ ಕಳೆಯಿರಿ. ಉತ್ತರಕ್ಕೂ ಹಾಗೆಯೇ ಮಾಡಿ. 4321 ತೆಗೆದುಕೊಂಡರೆ:

4321 - 1234 = 3087
8730 - 0378 = 8352
8532 - 2358 = 6174

ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. 1949ರಲ್ಲಿ ಕಂಡುಕೊಂಡ ಈ ಸಂಗತಿಗೆ ದೇಶದೊಳಗೆ ಅಂಥ ಮನ್ನಣೆಯೇನೂ ಸಿಗಲಿಲ್ಲ. ಇದೆಲ್ಲ ಅಂಕಿಗಳ ಆಟ, ಗಣಿತವಲ್ಲ ಎಂಬ ಧೋರಣೆ ಅನೇಕ ವಿದ್ವಾಂಸರಲ್ಲಿತ್ತು. 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್‌ನರ್ ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೆಸರು ಜಗತ್ತಿಗೆಲ್ಲ ಹರಡಿತು. ಆದರೆ ಅಷ್ಟರಲ್ಲಿ ಕಾಪ್ರೇಕರ್‌ಗೆ 70 ವರ್ಷ. ಪಿಂಚಣಿ ಸಾಲದೆ, ಜೀವನಕ್ಕಾಗಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಕಾಲ ಅದು. 1986ರಲ್ಲಿ ದೇವಳಾಲಿಯಲ್ಲೇ ನಿಧನರಾದರು.

ಡೆಮ್ಲೊ ಸಂಖ್ಯೆ ಎಂದರೇನು?

ಡೆಮ್ಲೊ ಕುಟುಂಬ ದೊಡ್ಡದು. ಅದರಲ್ಲಿ ಹೆಚ್ಚು ಪ್ರಸಿದ್ಧವಾದವು 'ಅದ್ಭುತ ಡೆಮ್ಲೊ ಸಂಖ್ಯೆಗಳು'. ಬರೀ 1ರಿಂದಲೇ ಆದ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇವು ಸಿಗುತ್ತವೆ.

1 × 1 = 1
11 × 11 = 121
111 × 111 = 12321
1111 × 1111 = 1234321
11111 × 11111 = 123454321

ಹೀಗೇ ಒಂಬತ್ತನೆಯದಕ್ಕೆ ಬಂದರೆ 111111111 × 111111111 = 12345678987654321.

ಇದು ಯಾಕೆ ಹೀಗಾಗುತ್ತದೆ? ಶಾಲೆಯಲ್ಲಿ ಗುಣಾಕಾರ ಮಾಡುತ್ತಿದ್ದ ಹಾಗೆಯೇ ಕಾಗದದ ಮೇಲೆ ಮಾಡಿ ನೋಡಿ. 111 × 111 ಎಂದರೆ 111ನ್ನು ಮೂರು ಸಾಲು ಬರೆದು, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ ಕೂಡುವುದು. ತುದಿಯ ಮನೆಯಲ್ಲಿ ಒಂದು 1 ಮಾತ್ರ, ಅದರ ಪಕ್ಕದಲ್ಲಿ ಎರಡು, ನಡುವೆ ಮೂರು, ಮತ್ತೆ ಎರಡು, ಮತ್ತೆ ಒಂದು. ಅದಕ್ಕೇ 1, 2, 3, 2, 1.

ನಡುವಿನ ಮೊತ್ತ 9 ದಾಟದವರೆಗೂ ಈ ಚೆಂದ ಉಳಿಯುತ್ತದೆ. ಹತ್ತು 1ಗಳ ಸಂಖ್ಯೆಗೆ ಬಂದಾಗ ನಡುವಿನ ಮನೆಯಲ್ಲಿ 10 ಬರುತ್ತದೆ, ದಶಕವನ್ನು ಪಕ್ಕದ ಮನೆಗೆ ಕಳಿಸಬೇಕಾಗುತ್ತದೆ. ಆಗ ಸಿಗುವ ಉತ್ತರ 1234567900987654321. ಇದರಲ್ಲಿ ಏರುವ ಕಡೆಯ 8 ಕಾಣೆಯಾಗಿದೆ, ನಡುವೆ ಎರಡು ಸೊನ್ನೆ ಬಂದಿವೆ.

ಗಮನಿಸಿ, ಇದು 19 ಅಂಕಿಯ ಸಂಖ್ಯೆ. ನಮ್ಮ 12345678910987654321 ಇದಲ್ಲ. ಅದು ಗುಣಾಕಾರದಿಂದ ಬಂದದ್ದಲ್ಲ, 1, 2, 3 ಎಂದು 10ರವರೆಗೆ ಪಕ್ಕಪಕ್ಕ ಬರೆದು ಇಳಿದು ಬಂದದ್ದು. ನೋಡಲು ಡೆಮ್ಲೊ ಸಾಲಿನ ಹತ್ತನೆಯ ಸಂಖ್ಯೆಯಂತೆ ಕಂಡರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಡೆಮ್ಲೊಗಿಂತ ಸಾವಿರ ವರ್ಷ ಮೊದಲೇ ಕನ್ನಡ ನಾಡಿನಲ್ಲಿ!

ಅಂದಹಾಗೆ, ಕಾಪ್ರೇಕರ್ ಹೆಸರಿಟ್ಟ ಈ ಸಾಲಿನ ಒಂದು ಸಂಖ್ಯೆ 9ನೇ ಶತಮಾನದಲ್ಲೇ ಕನ್ನಡ ನಾಡಿನ ಗ್ರಂಥವೊಂದರಲ್ಲಿ ಬಂದಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಅದು. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಗುಣಾಕಾರದ ಉದಾಹರಣೆ ಕೊಡುವಾಗ ಮಹಾವೀರಾಚಾರ್ಯರು ಉತ್ತರ ಚೆಂದವಾಗಿ ಬರುವ ಲೆಕ್ಕಗಳನ್ನೇ ಆರಿಸಿಕೊಂಡಿದ್ದಾರೆ. ಮಣಿಗಳನ್ನು ಪೋಣಿಸಿದ ಕೊರಳ ಹಾರದ ಹಾಗೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳು ಇವು. ಕೆಲವು ಹೀಗಿವೆ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಕೊನೆಯದನ್ನು ನೋಡಿ. 12345654321 ಎಂದರೆ 111111ರ ವರ್ಗ, ಡೆಮ್ಲೊ ಸಾಲಿನ ಆರನೆಯ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ ಎಂದೇ ಅದನ್ನು ಗುರುತಿಸಲಾಗಿದೆ. ಅದು ಯಾಕೆ 441ರಿಂದ ಭಾಗವಾಗುತ್ತದೆ ಎಂಬುದಕ್ಕೂ ಕಾರಣ ಸರಳ. 111111 = 3 × 7 × 11 × 13 × 37. ಇದರಲ್ಲಿ 3 × 7 = 21, ಅದರ ವರ್ಗ 441. ಉಳಿದ 11 × 13 × 37 = 5291, ಅದರ ವರ್ಗ 27994681.

ಡೆಮ್ಲೊ ಸಂಖ್ಯೆಗಳು ಅವಿಭಾಜ್ಯವೆ?

ಒಂದೂ ಅಲ್ಲ. 1ನ್ನು ಅವಿಭಾಜ್ಯ ಎಂದು ಪರಿಗಣಿಸುವುದಿಲ್ಲ. ಉಳಿದ ಅದ್ಭುತ ಡೆಮ್ಲೊ ಸಂಖ್ಯೆಗಳೆಲ್ಲ ಪೂರ್ಣ ವರ್ಗಗಳು. 121 ಎಂದರೆ 11 × 11. ವರ್ಗ ಎಂದ ಮೇಲೆ ಅದರ ವರ್ಗಮೂಲದಿಂದ ಭಾಗವಾಗಲೇಬೇಕು, ಹಾಗಾಗಿ ಅವಿಭಾಜ್ಯವಾಗುವ ಪ್ರಶ್ನೆಯೇ ಇಲ್ಲ.

ಅವುಗಳ ವರ್ಗಮೂಲಗಳಾದ 11, 111, 1111 ಮುಂತಾದವು ಅವಿಭಾಜ್ಯ ಆಗಬಹುದೇ? ಅಲ್ಲಿಯೂ ಅದು ಅಪರೂಪ. 111 = 3 × 37. 11111 = 41 × 271. 1111111 = 239 × 4649. ಬರೀ 1ಗಳ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಅದರಲ್ಲಿರುವ 1ಗಳ ಎಣಿಕೆಯೇ ಮೊದಲು ಅವಿಭಾಜ್ಯ ಆಗಿರಬೇಕು, ಆದರೆ ಅಷ್ಟಿದ್ದರೆ ಸಾಲದು. ಎರಡು 1ಗಳ 11 ಅವಿಭಾಜ್ಯ. ಅದರ ನಂತರ ಸಿಗುವುದು 19 ಬಾರಿ 1 ಬರೆದಾಗ. ಆಮೇಲೆ 23 ಬಾರಿ, ನಂತರ 317 ಬಾರಿ, ನಂತರ 1031 ಬಾರಿ.

ಅಂದರೆ ಅಚ್ಚುಕಟ್ಟಾದ ಡೆಮ್ಲೊ ಸಾಲಿನಲ್ಲಿ ಅವಿಭಾಜ್ಯ ಒಂದೂ ಇಲ್ಲ. ಅವಿಭಾಜ್ಯವಾಗಿರುವುದು ಅದರಂತೆ ಕಾಣುವ, ಆದರೆ ಅದಲ್ಲದ 12345678910987654321.

ಎಡದಿಂದ, ಬಲದಿಂದ ಓದಿದರೆ ಒಂದೇ ಅಲ್ಲ!

ಈ ಸಂಖ್ಯೆಯ ಬಗ್ಗೆ ಸಾಮಾನ್ಯವಾಗಿ ಆಗುವ ತಪ್ಪು ಇದು. 1ರಿಂದ 10ಕ್ಕೆ ಹೋಗಿ ವಾಪಸ್ ಬರುವುದರಿಂದ ಹಿಂದುಮುಂದಾಗಿ ಓದಿದರೂ ಅದೇ ಸಂಖ್ಯೆ ಬರುತ್ತದೆ ಎಂದು ಅನಿಸುತ್ತದೆ. ಆದರೆ ಅಂಕಿ ಅಂಕಿಯಾಗಿ ತಿರುಗಿಸಿ ಬರೆದರೆ:

ಮೂಲ: 12345678910987654321
ತಿರುಗಿಸಿದಾಗ: 12345678901987654321

ನಡುವಿನ 10 ತಿರುಗಿ 01 ಆಗಿದೆ. ಈ ಸಣ್ಣ ವ್ಯತ್ಯಾಸದ ಮಹತ್ವ ತಿಳಿಯಲು 11ರ ನಿಯಮ ನೆನಪಿಸಿಕೊಳ್ಳಿ. ಬೆಸ ಸ್ಥಾನದ ಅಂಕಿಗಳ ಮೊತ್ತ ಮತ್ತು ಸಮ ಸ್ಥಾನದ ಅಂಕಿಗಳ ಮೊತ್ತದ ವ್ಯತ್ಯಾಸ 0 ಅಥವಾ 11ರ ಗುಣಕವಾದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ.

20 ಅಂಕಿಯ ಸಂಖ್ಯೆ ಎರಡೂ ಕಡೆಯಿಂದ ಒಂದೇ ರೀತಿ ಇದ್ದರೆ ಏನಾಗುತ್ತದೆ? ಮೊದಲ ಅಂಕಿ ಮತ್ತು ಇಪ್ಪತ್ತನೆಯ ಅಂಕಿ ಒಂದೇ. ಒಂದು ಬೆಸ ಸ್ಥಾನದಲ್ಲಿ, ಇನ್ನೊಂದು ಸಮ ಸ್ಥಾನದಲ್ಲಿ. ಎರಡನೆಯದು ಮತ್ತು ಹತ್ತೊಂಬತ್ತನೆಯದು ಕೂಡ ಹಾಗೆಯೇ. ಹೀಗೆ ಪ್ರತಿ ಅಂಕಿಯೂ ಎರಡೂ ಕಡೆ ಒಂದೊಂದು ಸಲ ಬರುವುದರಿಂದ ಮೊತ್ತಗಳು ಸರಿಸಮ ಆಗುತ್ತವೆ, ಸಂಖ್ಯೆ 11ರಿಂದ ಭಾಗವಾಗಿಯೇ ತೀರುತ್ತದೆ. ಉದಾಹರಣೆಗೆ 12345678900987654321ರಲ್ಲಿ ಎರಡೂ ಮೊತ್ತ 45. ಹಾಗಾಗಿ ಅದು ಅವಿಭಾಜ್ಯವಲ್ಲ.

ನಮ್ಮ ಸಂಖ್ಯೆಯಲ್ಲಿ ಹತ್ತನೆಯ ಅಂಕಿ 0 ಬದಲು 1. ಬೆಸ ಸ್ಥಾನಗಳ ಮೊತ್ತ 45, ಸಮ ಸ್ಥಾನಗಳ ಮೊತ್ತ 46. ವ್ಯತ್ಯಾಸ 1. 11ರಿಂದ ಭಾಗವಾಗುವುದಿಲ್ಲ. ಅಂದರೆ ನಡುವೆ ಕುಳಿತ 10 ಎರಡು ಕಡೆಯ ಸಮತೋಲವನ್ನು ಒಂದಿಷ್ಟು ಕೆಡಿಸಿದ್ದರಿಂದಲೇ ಈ ಸಂಖ್ಯೆ 11ರ ಕೈಯಿಂದ ತಪ್ಪಿಸಿಕೊಂಡಿದೆ.

ಉಳಿದ ಸಣ್ಣ ಸಂಖ್ಯೆಗಳಿಂದ ಭಾಗವಾಗುತ್ತದೆಯೇ?

2 ಮತ್ತು 5: ಕೊನೆಯ ಅಂಕಿ 1. ಹಾಗಾಗಿ ಇಲ್ಲ.

3 ಮತ್ತು 9: ಅಂಕಿಗಳ ಮೊತ್ತ 91. ಅದನ್ನು 9ರಿಂದ ಭಾಗಿಸಿದರೂ 3ರಿಂದ ಭಾಗಿಸಿದರೂ ಶೇಷ 1. ಹಾಗಾಗಿ ಇಲ್ಲ.

7, 11 ಮತ್ತು 13: 7 × 11 × 13 = 1001. ಇದನ್ನು ಬಳಸಿ ಮೂರನ್ನೂ ಒಂದೇ ಸಲ ಪರೀಕ್ಷಿಸಬಹುದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಬೇಕು.

321 - 654 + 987 - 910 + 678 - 345 + 12 = 89

89ನ್ನು 7ರಿಂದ ಭಾಗಿಸಿದರೆ ಶೇಷ 5, 11ರಿಂದ 1, 13ರಿಂದ 11. ಮೂರರಿಂದಲೂ ಭಾಗವಾಗುವುದಿಲ್ಲ.

ಆದರೆ ಹೀಗೆ ಎಲ್ಲಿಯವರೆಗೆ ಪರೀಕ್ಷಿಸಬೇಕು? ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರುವುದಿಲ್ಲ. ಹಾಗಾಗಿ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಈ ಸಂಖ್ಯೆಯ ವರ್ಗಮೂಲ ಸುಮಾರು 351 ಕೋಟಿ. ಅಷ್ಟರೊಳಗೆ ಸುಮಾರು 16.8 ಕೋಟಿ ಅವಿಭಾಜ್ಯ ಸಂಖ್ಯೆಗಳಿವೆ. ಸೆಕೆಂಡಿಗೆ ಒಂದು ಭಾಗಾಕಾರ ಮಾಡುವವರು ಊಟ, ನಿದ್ದೆ ಬಿಟ್ಟು ಕುಳಿತರೂ ಐದು ವರ್ಷಕ್ಕೂ ಹೆಚ್ಚು ಬೇಕು.

ಕಂಪ್ಯೂಟರ್ ಹೇಗೆ ಪತ್ತೆ ಹಚ್ಚುತ್ತದೆ?

ಈ ಸಂಖ್ಯೆಯ ಮಟ್ಟಿಗೆ ಕಂಪ್ಯೂಟರ್ ಅಷ್ಟೂ ಭಾಗಾಕಾರ ಮಾಡಬಲ್ಲದು. ಆದರೆ ಅಗತ್ಯವಿಲ್ಲ. ಭಾಗಿಸದೆಯೇ ಅವಿಭಾಜ್ಯ ಹೌದೋ ಅಲ್ಲವೋ ತಿಳಿಯುವ ದಾರಿಗಳಿವೆ. ಅವುಗಳ ಮೂಲ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ಒಂದು ಮಾತು.

7 ಅವಿಭಾಜ್ಯ. 2ನ್ನು ಆರು ಬಾರಿ ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ ಶೇಷ 1. ಯಾವ ಬೆಸ ಅವಿಭಾಜ್ಯಕ್ಕೂ ಹೀಗೆಯೇ: ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬರದಿದ್ದರೆ ಆ ಸಂಖ್ಯೆ ಅವಿಭಾಜ್ಯವಲ್ಲ.

ಆದರೆ ಶೇಷ 1 ಬಂದ ಮಾತ್ರಕ್ಕೆ ಅವಿಭಾಜ್ಯ ಎಂದು ಹೇಳುವಂತಿಲ್ಲ. 341 ಎಂದರೆ 11 × 31. ಆದರೂ ಈ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತದೆ. ಇಂಥ ಮೋಸ ಹಿಡಿಯಲು ಪರೀಕ್ಷೆಯನ್ನು ಬಿಗಿ ಮಾಡಿದ ರೂಪವೇ ಮಿಲ್ಲರ್-ರಾಬಿನ್ ಪರೀಕ್ಷೆ. 64 ಬಿಟ್‌ಗಳೊಳಗಿನ ಸಂಖ್ಯೆಗಳಿಗೆ 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನು ಇಟ್ಟುಕೊಂಡು ಈ ಪರೀಕ್ಷೆ ಮಾಡಿದರೆ ಸಾಕು, ತಪ್ಪುವ ಸಾಧ್ಯತೆಯೇ ಇಲ್ಲ ಎಂದು ಸಾಬೀತಾಗಿದೆ. 64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 18446744073709551615. ನಮ್ಮ ಸಂಖ್ಯೆ ಅದಕ್ಕಿಂತ ಚಿಕ್ಕದು, ಆದ್ದರಿಂದ ಈ ನಿಯಮ ಅದಕ್ಕೂ ಅನ್ವಯಿಸುತ್ತದೆ. ಕಂಪ್ಯೂಟರ್‌ಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಎಷ್ಟೇ ದೊಡ್ಡ ಸಂಖ್ಯೆಯಾದರೂ, ಅನುಮಾನಕ್ಕೆ ಎಡೆಯಿಲ್ಲದೆ, ಸಮಂಜಸ ಸಮಯದಲ್ಲಿ ಅವಿಭಾಜ್ಯವನ್ನು ಗುರುತಿಸುವ ವಿಧಾನ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಭಾರತೀಯರು. 2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅಂಥ ವಿಧಾನ ಪ್ರಕಟಿಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಎಕೆಎಸ್ ಪರೀಕ್ಷೆ ಎನ್ನುತ್ತಾರೆ.

ಎಕ್ಸೆಲ್‌ನಲ್ಲಿ ಪರೀಕ್ಷಿಸುವ ಮುನ್ನ ಎಚ್ಚರ

ಈ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು 12345678910987600000 ಆಗಿಬಿಡುತ್ತದೆ. ಎಕ್ಸೆಲ್ ಮೊದಲ 15 ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಆಮೇಲೆ 2ರಿಂದ ಭಾಗಿಸಿದರೆ ಸರಿಯಾಗಿ ಭಾಗವಾಗಿಯೇ ಆಗುತ್ತದೆ! ಅನೇಕ ಕ್ಯಾಲ್ಕುಲೇಟರ್‌ಗಳದ್ದೂ ಇದೇ ಸಮಸ್ಯೆ. ಪೈಥಾನ್‌ನಂಥ ಭಾಷೆಯಲ್ಲಿ ಪೂರ್ಣಾಂಕಗಳಿಗೆ ಈ ಮಿತಿಯಿಲ್ಲ, ಅಲ್ಲಿ ಪರೀಕ್ಷಿಸಬಹುದು.

ಒಂದು ನೋಟದಲ್ಲಿ: 12345678910987654321ರ ಗುಣಗಳು

* ಅಂಕಿಗಳು 20. ನಮ್ಮ ಎಣಿಕೆಯಲ್ಲಿ ಅಲ್ಪವಿರಾಮ ಹಾಕಿದರೆ 1,23,45,67,89,10,98,76,54,321. ಸುಮಾರು 1 ಲಕ್ಷ 23 ಸಾವಿರ ಕೋಟಿ ಕೋಟಿ.

* ಬರೆದ ಸಂಖ್ಯೆಗಳನ್ನು ಕೂಡಿದರೆ, ಅಂದರೆ 1 + 2 + ... + 10 + ... + 2 + 1 = 100. ಅದು 10ರ ವರ್ಗ.

* ಸರಿಯಾಗಿ ನಡುವೆ ಕತ್ತರಿಸಿದರೆ ಎಡಭಾಗ 1234567891. ಅದೂ ಅವಿಭಾಜ್ಯ! ಬಲಭಾಗ 0987654321, ಅಂದರೆ 987654321. ಅದು ಅವಿಭಾಜ್ಯವಲ್ಲ: 3 × 3 × 17 × 17 × 379721.

* 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 13 = 4 + 9, 29 = 4 + 25 ಇದ್ದ ಹಾಗೆ. ಶೇಷ 3 ಬರುವ 7, 11ರಂಥವುಗಳಿಗೆ ಇದು ಸಾಧ್ಯವಿಲ್ಲ.

* 1ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ ದಶಮಾಂಶ ಎಂದೂ ಮುಗಿಯುವುದಿಲ್ಲ, ಒಂದು ಹಂತದ ನಂತರ ಮರುಕಳಿಸುತ್ತದೆ. 1/7ರಲ್ಲಿ 142857 ಎಂಬ ಆರು ಅಂಕಿ ಮರುಕಳಿಸುವ ಹಾಗೆ. ಮರುಕಳಿಸುವ ಭಾಗದ ಉದ್ದ 12345678910987654320ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೇ ಆಗಿರುತ್ತದೆ.

* ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಸರಾಸರಿ 44ಕ್ಕೆ ಒಂದು ಅವಿಭಾಜ್ಯ ಸಿಗುತ್ತದೆ.

ಇದೇ ರೀತಿ 11, 12ರವರೆಗೆ ಹೋಗಿ ಬಂದರೆ?

12ರವರೆಗೆ ಏರಿ ಇಳಿದರೆ ಬರುವ ಅಂಕಿಗಳ ಮೊತ್ತ 99. ಅದು 9ರಿಂದ ಭಾಗವಾಗುತ್ತದೆ. 15, 18, 21... ಹೀಗೆ 3ರ ಯಾವ ಗುಣಕದವರೆಗೆ ಹೋಗಿ ಬಂದರೂ ಇದೇ ಕಥೆ. ಉಳಿದವುಗಳಲ್ಲಿ ಒಂದೊಂದನ್ನು ಒಂದೊಂದು ಅಪವರ್ತನ ಹಿಡಿದು ಹಾಕುತ್ತದೆ.

10ರ ನಂತರ ಮುಂದಿನದು ಸಿಗುವುದು 2446ರವರೆಗೆ ಏರಿ ಇಳಿದಾಗ. ಆ ಸಂಖ್ಯೆಯಲ್ಲಿ 17,350 ಅಂಕಿಗಳಿವೆ. 2015ರ ಜುಲೈನಲ್ಲಿ ಇದನ್ನು ವರದಿ ಮಾಡಿದವರು ಶ್ಯಾಮ್ ಸುಂದರ್ ಗುಪ್ತಾ. ಭಾರತೀಯ ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದುಕೊಂಡು ಸಂಖ್ಯೆಗಳ ಹಿಂದೆ ಬಿದ್ದವರು. ಸ್ಟೇಷನ್‌ನಲ್ಲಿ ಸಂಖ್ಯೆ ಕಂಡ ಮೇಷ್ಟರ ಹಾದಿಯಲ್ಲೇ ರೈಲ್ವೆಯ ಎಂಜಿನಿಯರ್ ಒಬ್ಬರು ಮುಂದಿನದನ್ನು ಕಂಡಿದ್ದು ಕಾಕತಾಳೀಯ.

ಇದು ಜಗತ್ತಿನ ಅತಿ ದೊಡ್ಡ ಅವಿಭಾಜ್ಯವೇ?

ಖಂಡಿತ ಅಲ್ಲ. ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಎಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆ ಹಚ್ಚಿ ದಾಖಲೆ ಮುರಿದ ಅವಿಭಾಜ್ಯ ಹೀಗಿದೆ: 2ನ್ನು 13,62,79,841 ಬಾರಿ ಗುಣಿಸಿ ಅದರಿಂದ 1 ಕಳೆಯಬೇಕು. ಅದರಲ್ಲಿ 4,10,24,320 ಅಂಕಿಗಳಿವೆ. ಅದರ ಮುಂದೆ ನಮ್ಮ 20 ಅಂಕಿಯದ್ದು ಏನೂ ಅಲ್ಲ. ಆದರೆ ಅಷ್ಟು ದೊಡ್ಡದನ್ನು ನೆನಪಿಟ್ಟುಕೊಳ್ಳಲು ಆಗದು. 12345678910987654321ನ್ನು ಒಂದನೇ ತರಗತಿಯ ಮಗುವೂ ಹೇಳಬಹುದು.

ಇದರಿಂದ ನಮಗೇನು ಉಪಯೋಗ?

ದೊಡ್ಡ ಅವಿಭಾಜ್ಯಗಳು ನಿಮ್ಮ ಮೊಬೈಲ್‌ನಲ್ಲೇ ಕೆಲಸ ಮಾಡುತ್ತಿವೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ಮಾತ್ರ ಕೊಟ್ಟು ಆ ಎರಡನ್ನು ಹುಡುಕಿ ಎಂದರೆ ಬಹಳ ಕಷ್ಟ. 1977ರಲ್ಲಿ ರೂಪಿಸಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಇದರ ಮೇಲೆ. ಇಂದು ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಆರ್‌ಎಸ್‌ಎಯಲ್ಲಿ ಗುಣಲಬ್ಧ 617 ಅಂಕಿಗಳದ್ದು. ವಾಟ್ಸ್‌ಆ್ಯಪ್ ಸಂದೇಶಗಳ ರಕ್ಷಣೆಗೆ ಬಳಸುವ ವಿಧಾನದಲ್ಲೂ ಒಂದು ಅವಿಭಾಜ್ಯ ಇದೆ: 2ನ್ನು 255 ಬಾರಿ ಗುಣಿಸಿ 19 ಕಳೆದರೆ ಬರುವ 77 ಅಂಕಿಯ ಸಂಖ್ಯೆ.

ಹಾಗಾದರೆ 12345678910987654321ನ್ನು ಗೂಢಲಿಪಿಗೆ ಬಳಸಬಹುದೇ? ಬೇಡ. ಒಂದನೆಯದಾಗಿ, 20 ಅಂಕಿಯ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಸಾಧಾರಣ ಲ್ಯಾಪ್‌ಟಾಪ್ ಕೂಡ ಬೇಗನೆ ಬಿಡಿಸಿಬಿಡುತ್ತದೆ. ಎರಡನೆಯದಾಗಿ, ಎಲ್ಲರಿಗೂ ನೆನಪಿರುವ ಸಂಖ್ಯೆ ಬೀಗದ ಕೀಲಿ ಆಗಲಾರದು. 1234 ಎಂಬ ಪಿನ್ ಇಟ್ಟುಕೊಂಡ ಹಾಗೆ!

ಮಕ್ಕಳಿಗೆ ಏನು ಹೇಳಬಹುದು?

ಅಂಕಿಗಳು ಚೆಂದವಾಗಿ ಸಾಲುಗಟ್ಟಿದ್ದರೆ ಅದರಲ್ಲಿ ಏನೋ ಪವಾಡ ಇದೆ ಎನ್ನುವ ಸಂದೇಶಗಳು ಮೊಬೈಲ್‌ಗೆ ಬರುತ್ತಲೇ ಇರುತ್ತವೆ. ಅಂಥದ್ದು ಬಂದಾಗ ಮಕ್ಕಳಿಗೆ ಪೆನ್ನು, ಕಾಗದ ಕೊಡಿ. 12345678987654321 ಮತ್ತು 12345678910987654321 ಎರಡನ್ನೂ ಬರೆಸಿ, ಯಾವುದು ಅವಿಭಾಜ್ಯ ಎಂದು ಕೇಳಿ. ನೋಡಿದರೆ ಗೊತ್ತಾಗುವುದಿಲ್ಲ. ಮೊದಲನೆಯದರ ಅಂಕಿಗಳ ಮೊತ್ತ 81, ಹಾಗಾಗಿ 9ರಿಂದ ಭಾಗವಾಗುತ್ತದೆ ಎಂದು ಅರ್ಧ ನಿಮಿಷದಲ್ಲಿ ಹೇಳಬಹುದು. ಎರಡನೆಯದಕ್ಕೆ 3, 7, 11, 13ರ ಪರೀಕ್ಷೆ ಮೇಲೆ ಹೇಳಿದ ಹಾಗೆ ಮಾಡಿಸಿ. ಮುಂದೆ 17, 19 ಎಂದು ಎಷ್ಟು ದೂರ ಬೇಕಾದರೂ ಹೋಗಬಹುದು. ಖಾರಘರದಿಂದ ಡೊಂಬಿವಲಿಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ, ದಾರಿ ಸವೆಸಲು ಇಷ್ಟು ಸಾಕು.